ಟೈರು ತಿನ್ನುವ ಗಾಡಿ

ಗಾಡಿ ನಡುಗುತ್ತದೆ ಎಂದು ಶಿರಸಿ ಪೇಟೆಯಲ್ಲಿ ಒಬ್ಬರ ಕಿವಿಗೆ ಹಾಕಿದರೆ ಸಾಕು, ಕತ್ತಲಾಗುವುದರೊಳಗೆ ಕಾರಣ ಬಲ್ಲವರು ಏಳೆಂಟು ಜನ ಹುಟ್ಟಿಕೊಳ್ಳುತ್ತಾರೆ. ನಮ್ಮ ಭಾವನ ಪಿಕಪ್ಪಿನ ವಿಷಯದಲ್ಲಿ ಆದದ್ದೂ ಅದೇ. ಬನವಾಸಿ ಕಡೆಯ ಅನಾನಸು ಹೇರಿಕೊಂಡು ಹುಬ್ಬಳ್ಳಿಗೆ ಹೋಗುವ ಆ ಗಾಡಿ 65 ದಾಟಿತೆಂದರೆ ಸ್ಟೇರಿಂಗು ಅದುರುತ್ತಿತ್ತು. ಮುಂದಿನ ಎಡ ಟೈರು ಒಂದೇ ಮಗ್ಗುಲಲ್ಲಿ ಸವೆಯುತ್ತಿತ್ತು. ಟೈರು ಮಾರುವವರು ಟೈರೇ ಹೋಗಿದೆ ಎಂದರು. ಅಲೈನ್‌ಮೆಂಟ್ ಮಾಡುವವರು ಅಲೈನ್‌ಮೆಂಟ್ ಎಂದರು. ಶಾಕ್ ಅಬ್ಸಾರ್ಬರ್ ಹಾಕುವವರಿಗಂತೂ ಗಾಡಿ ಅಂಗಡಿಯ ಮುಂದೆ ನಿಲ್ಲುವ ಮೊದಲೇ ಶಾಕ್ ಸೋರುವುದು ಕಂಡುಬಿಟ್ಟಿತ್ತು. ನಿವೃತ್ತ ಮೇಷ್ಟ್ರೊಬ್ಬರು ರಸ್ತೆಯ ಗುತ್ತಿಗೆಯಿಂದ ಶುರುಮಾಡಿ ರಾಜ್ಯದ ಹಣಕಾಸಿನವರೆಗೂ ಹೋಗಿ ಚಹಾ ಕುಡಿದು ಎದ್ದರು. ಖರ್ಚಿಲ್ಲದ ದಾರಿ ತೋರಿಸಿದ್ದು ಅತ್ತೆ ಒಬ್ಬರೇ. ಹಿತ್ತಲಿನ ಲಿಂಬೆಹಣ್ಣು ತಂದು ನಿವಾಳಿಸಿ ಚಕ್ರಗಳಡಿ ಇಟ್ಟರು.

ಇವರಲ್ಲಿ ಯಾರೂ ಪೂರ್ತಿ ಸುಳ್ಳು ಹೇಳಿದವರಲ್ಲ. (ಲಿಂಬೆಹಣ್ಣಿನ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಅತ್ತೆ ಪತ್ರಿಕೆ ಓದುತ್ತಾರೆ.) ಅವರವರ ಅಂಗಡಿಯಲ್ಲಿರುವ ಮದ್ದಿಗೆ ಹೊಂದುವ ರೋಗವನ್ನು ಅವರವರು ಹುಡುಕಿಕೊಂಡಿದ್ದರು, ಅಷ್ಟೆ. ಬಗ್ಗಿ ಕೂತು ಟೈರನ್ನು ನೋಡುವ ಕೆಲಸ ಮಾತ್ರ ಯಾರೂ ಮಾಡಿರಲಿಲ್ಲ.

ಹಾಗೆ ನೋಡಿದರೆ ಗಾಳಿ ತುಂಬಿದ ಟೈರು ಹುಟ್ಟಿದ್ದೇ ನಡುಕ ನಿಲ್ಲಿಸಲಿಕ್ಕೆ. ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಗಡಗಡ ಎನ್ನುವುದನ್ನು ನೋಡಲಾರದೆ ಚಕ್ರಕ್ಕೆ ರಬ್ಬರ್ ಕೊಳವೆ ಸುತ್ತಿ ಗಾಳಿ ಹೊಡೆದ. 1888ರಲ್ಲಿ ಪೇಟೆಂಟನ್ನೂ ಪಡೆದ. ಆಮೇಲೆ ನೋಡಿದರೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದೇ ಉಪಾಯಕ್ಕೆ ಪೇಟೆಂಟ್ ಮಾಡಿಸಿದ್ದು ಗೊತ್ತಾಗಿ ಡನ್‌ಲಪ್‌ನದು ಬಿದ್ದುಹೋಯಿತು. ಆದರೆ ನನಗೆ ಇಷ್ಟವಾದ ಸಂಗತಿ ಬೇರೆ. ಡನ್‌ಲಪ್ ವೃತ್ತಿಯಿಂದ ದನದ ಡಾಕ್ಟರು. ಎಲ್ಲಿ ನೋಯುತ್ತದೆ ಎಂದು ಬಾಯಿಬಿಟ್ಟು ಹೇಳದ ರೋಗಿಗಳ ಮೈ ಮುಟ್ಟಿ ರೋಗ ತಿಳಿಯುವವನು. ಟೈರಿಗೆ ಅಂಥವನೇ ಬೇಕಾಗಿತ್ತು.

ಟೈರಿನ ನಡು ಸವೆದು ಅಂಚು ಉಳಿದಿದ್ದರೆ ಗಾಳಿ ಹೆಚ್ಚು, ಅಂಚೆರಡೂ ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ. ಇಷ್ಟು ಪಂಕ್ಚರ್ ಅಂಗಡಿಯ ಹುಡುಗನಿಗೂ ಗೊತ್ತು. ಆದರೆ ಪಿಕಪ್ಪಿನ ಬಾಳು ಕಾರಿನ ಬಾಳಿನಷ್ಟು ಸರಳವಲ್ಲ. ಹೋಗುವಾಗ ಟನ್ನಿಗೂ ಮೇಲ್ಪಟ್ಟು ಹೊರುತ್ತದೆ. ಬರುವಾಗ ಒಂದಷ್ಟು ಖಾಲಿ ಕ್ರೇಟು, ಮುಂಡಗೋಡಿನಲ್ಲಿ ಹತ್ತಿಸಿಕೊಂಡ ಯಾರೋ ಪರಿಚಯದವರು. ಭಾರಕ್ಕೆಂದು ಹಿಂದಿನ ಚಕ್ರಕ್ಕೆ ಹೊಡೆಸಿದ ಗಾಳಿ ಖಾಲಿ ಬರುವಾಗ ಅತಿಯಾಗಿ ನಡು ಸವೆಯುತ್ತದೆ. ಖಾಲಿಗೆಂದು ಇಟ್ಟ ಗಾಳಿ ಹೇರಿದಾಗ ಸಾಲದೆ ಅಂಚು ಸವೆಯುತ್ತದೆ, ಮಗ್ಗುಲು ಬಾಗಿ ಬಾಗಿ ಟೈರು ಕಾಯುತ್ತದೆ. ಅದಕ್ಕೇ ಬಾಗಿಲ ಕಂಬದ ಚೀಟಿಯಲ್ಲಿ ಖಾಲಿಗೊಂದು ಭಾರಕ್ಕೊಂದು ಅಂಕಿ ಬರೆದಿರುತ್ತಾರೆ. ಭಾವನ ಗಾಡಿಯಲ್ಲಿ ಆ ಚೀಟಿಯ ಮೇಲೆ ಮಾರಿಕಾಂಬೆಯ ಸ್ಟಿಕ್ಕರ್ ಕೂತಿದೆ. ಕಿತ್ತು ನೋಡುವ ಧೈರ್ಯ ಇಡೀ ತಾಲೂಕಿನಲ್ಲಿ ಯಾರಿಗೂ ಇಲ್ಲ.

ಒಂದೇ ಮಗ್ಗುಲು ಸವೆದ ಟೈರಿಗೆ ಭಾವನದೊಂದು ವಾದವಿತ್ತು. "ಮುಕ್ಕಾಲು ಭಾಗ ಹೊಸದೇ ಇದೆಯಲ್ಲ?" ಕಾಯಿದೆ ಇಂಥ ಭಿನ್ನರಾಶಿಗೆ ಬಗ್ಗುವುದಿಲ್ಲ. ನಾಲ್ಕು ಚಕ್ರದ ವಾಹನದ ಟೈರಿನಲ್ಲಿ ಕನಿಷ್ಠ 1.6 ಮಿಲಿಮೀಟರ್ ಗೀರು ಉಳಿದಿರಬೇಕು. ಗೀರಿನ ತಳದಲ್ಲಿ ಅಲ್ಲಲ್ಲಿ ಉಬ್ಬಿಕೊಂಡ ಸಣ್ಣ ಅಡ್ಡಪಟ್ಟಿಗೆ ಸಮನಾಗಿ ಟೈರು ಸವೆದರೆ ಅದರ ಆಯುಸ್ಸು ಮುಗಿಯಿತು ಎಂದರ್ಥ. ಮಳೆಗಾಲದ ನಮ್ಮ ರಸ್ತೆಯಲ್ಲಿ ಅಷ್ಟರತನಕ ಕಾಯುವುದೂ ಧೈರ್ಯದ ಮಾತೇ.

ಕೊನೆಗೆ ಗಾಡಿ ಹೋದದ್ದು ಪೇಟೆಯ ಹೊರಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಒಬ್ಬ ಹಿರಿಯ ಮೆಕ್ಯಾನಿಕ್ಕಿನ ಬಳಿ. ಆತ ಬಾನೆಟ್ ಎತ್ತಲಿಲ್ಲ, ಪಾನಾ ಮುಟ್ಟಲಿಲ್ಲ. ಕುಕ್ಕರುಗಾಲಲ್ಲಿ ಕೂತು ಟೈರಿನ ಮೇಲೆ ಅಂಗೈ ಆಡಿಸಿದ. ಹೊರಗಿನಿಂದ ಒಳಕ್ಕೆ ಎಳೆದಾಗ ನುಣುಪು, ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸ. ನನ್ನ ಕೈಯನ್ನೂ ಹಿಡಿದು ಆಡಿಸಿದ. ಟೋ ತಪ್ಪಿದರೆ ಟೈರು ಹೀಗಾಗುತ್ತದೆ. ಮುಂದಿನ ಚಕ್ರಗಳೆರಡೂ ನೇರಕ್ಕೆ ನೋಡದೆ ಒಳಗೋ ಹೊರಗೋ ಒಂದಿಷ್ಟು ತಿರುಗಿ ನಿಂತಿರುತ್ತವೆ. ಒಂದಿಷ್ಟು ಅಂದರೆ ಎಷ್ಟು ಎಂದು ಆಮೇಲೆ ಮನೆಗೆ ಬಂದು ಲೆಕ್ಕ ಹಾಕಿದೆ. ಚಕ್ರಗಳ ಮುಂಬದಿಯ ನಡುವಿನ ಅಂತರಕ್ಕೂ ಹಿಂಬದಿಯದಕ್ಕೂ 3 ಮಿಲಿಮೀಟರ್ ವ್ಯತ್ಯಾಸ ಹೆಚ್ಚಾದರೆ ಸಾಕು, ಕಿಲೋಮೀಟರಿಗೆ ಒಂದೊಂದು ಟೈರು ಸುಮಾರು 2 ಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಹುಬ್ಬಳ್ಳಿ ತಲುಪುವುದರೊಳಗೆ ಎಷ್ಟಾಯಿತು ನೋಡಿ. ಗಾಡಿ ಟೈರು ತಿನ್ನುತ್ತದೆ ಎಂದು ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ.

ಹಿಂದಿನ ಟೈರಿನಲ್ಲಿ ಚೆನ್ನೆಮಣೆಯ ಗುಳಿಗಳಂತೆ ಸಾಲಾಗಿ ತಗ್ಗು ಬಿದ್ದಿದೆಯೇ ಎಂದೂ ನೋಡಿದ. ಶಾಕ್ ಸತ್ತಿದ್ದರೆ ಚಕ್ರ ರಸ್ತೆ ಕಚ್ಚಿಕೊಂಡು ಉರುಳದೆ ಪುಟಿಯುತ್ತದೆ, ಬಿದ್ದ ಬಿದ್ದಲ್ಲಿ ರಬ್ಬರು ಕಿತ್ತುಕೊಳ್ಳುತ್ತದೆ. ಅದಿರಲಿಲ್ಲ. ಶಾಕ್ ಅಂಗಡಿಯವರ ದಿವ್ಯದೃಷ್ಟಿ ಅಲ್ಲಿಗೆ ಸುಳ್ಳಾಯಿತು.

ಆಮೇಲೆ ಎದ್ದು ಕೈ ಒರೆಸಿಕೊಂಡು ಭಾವನನ್ನು ಕೇಳಿದ. "ನಡುಕ ಕೈಗೆ ಬರ್ತದೋ, ಕುಂಡೆಗೆ ಬರ್ತದೋ?"

ಭಾವ ಗಲಿಬಿಲಿಗೊಂಡರೂ ಪ್ರಶ್ನೆ ಬಹಳ ಶಾಸ್ತ್ರೀಯವಾದದ್ದು. ಸ್ಟೇರಿಂಗಿಗೆ ಬಂದರೆ ದೋಷ ಮುಂದಿನ ಚಕ್ರದ್ದು, ಸೀಟಿಗೆ ಬಂದರೆ ಹಿಂದಿನದ್ದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕೋ ಡ್ರಮ್ಮೋ ಸೊಟ್ಟಗಾಗಿದೆ. ಭಾರ ಎಳೆಯುವಾಗ ಕಾಲಡಿ ಜುಮ್ಮೆಂದರೆ ಜಾಯಿಂಟ್ ಶಾಫ್ಟಿನ ಕಡೆ ನೋಡಬೇಕು. ನಿಧಾನಕ್ಕೆ ಹೋಗುವಾಗಲೇ ಗಾಡಿ ಒಲೆದಾಡಿದರೆ ಟೈರಿನ ಒಳಪದರ ಬಿಟ್ಟುಕೊಂಡು ಉಬ್ಬಿದೆಯೋ ಎಂದು ಅನುಮಾನಿಸಬೇಕು, ಅಂಥ ಟೈರಿನಲ್ಲಿ ಘಾಟಿ ಇಳಿಯಬಾರದು. ಅಷ್ಟು ಅಂಗಡಿ ಸುತ್ತಿದರೂ ಈ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಏನಾಗಿದೆ ಎಂದು ಎಲ್ಲರೂ ಹೇಳಿದ್ದರು, ಯಾವಾಗ ಆಗುತ್ತದೆ ಎಂದು ಕೇಳಿದವನು ಇವನೊಬ್ಬನೇ.

ಕೈಗೇ ಬರುತ್ತಿತ್ತು. 65ಕ್ಕೆ ಶುರುವಾಗಿ 85 ದಾಟಿದರೆ ತಾನಾಗಿ ನಿಲ್ಲುತ್ತದೆ ಎಂದು ಭಾವ ವಿವರಿಸಿದ. ಹಾಗಾಗಿ ಇಷ್ಟು ದಿನ ಆತ ಕಂಡುಕೊಂಡಿದ್ದ ಪರಿಹಾರ ಇನ್ನೂ ಜೋರಾಗಿ ಓಡಿಸುವುದು. ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಶೆಡ್ಡಿನ ಮಾಡು ನೋಡಿದೆ.

ಜ್ಯಾಕ್ ಹಾಕಿ ಎಡ ಚಕ್ರ ಎತ್ತಿದ. ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದಾಗ ಬಿಗಿ ಇತ್ತು. ಬೇರಿಂಗು, ಬಾಲ್ ಜಾಯಿಂಟು ಸರಿ. ಕೈಗಳನ್ನು ಎಡಬಲಕ್ಕೆ ಬದಲಿಸಿ ಅಲ್ಲಾಡಿಸಿದ್ದೇ ಟಕ್ ಟಕ್ ಎಂದಿತು. ಟೈ ರಾಡ್ ಎಂಡಿನ ರಬ್ಬರ್ ಟೋಪಿ ಹರಿದು ನೀರು, ಮರಳು ಒಳಹೊಕ್ಕು ಕೀಲು ಸಡಿಲಾಗಿತ್ತು. ಡಾಂಬರು ಕಿತ್ತ ರಸ್ತೆಯಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡುವಾಗೆಲ್ಲ ಅಂಚಿನಿಂದ ಇಳಿದು ಪೆಟ್ಟು ತಿನ್ನುವುದು ಎಡ ಚಕ್ರವೇ. ಆ ಸಡಿಲ ಕೀಲಿನ ಮೇಲೇ ಎರಡು ಕಡೆ ಕಂಪ್ಯೂಟರ್ ಅಲೈನ್‌ಮೆಂಟ್ ಆಗಿತ್ತು. ಯಂತ್ರದ ಮೇಲಿದ್ದಷ್ಟು ಹೊತ್ತು ಎಲ್ಲ ಅಂಕಿಗಳೂ ಹಸಿರು, ಮೊದಲನೆಯ ಗುಂಡಿಗೆ ಇಳಿದೊಡನೆ ಟೋ ಮತ್ತೆ ತನ್ನ ಇಷ್ಟದಂತೆ. ಆಟ ಇರುವ ಕೀಲನ್ನು ಮೊದಲು ನೋಡದೆ ಅಲೈನ್‌ಮೆಂಟ್ ಮಾಡುವುದನ್ನು ನಾನು ಕೆಲಸ ಎನ್ನುವುದಿಲ್ಲ, ರಸೀದಿ ಬರೆಯುವುದು ಎನ್ನುತ್ತೇನೆ.

ನಡುಕದ ಕಾರಣ ಮಾತ್ರ ಇನ್ನೂ ನಾಚಿಕೆಗೇಡಿನದು. ಚಕ್ರ ಬಿಚ್ಚಿ ತಿರುಗಿಸಿದರೆ ರಿಮ್ಮಿನ ಒಳಮೈಗೆ ಕೆಮ್ಮಣ್ಣು ಒಂದೇ ಕಡೆ ಹೆಪ್ಪುಗಟ್ಟಿ ಕೂತಿತ್ತು. ಅನಾನಸು ಗದ್ದೆಯ ಕೆಸರಿನಿಂದ ಬಂದ ಗಾಡಿ ರಾತ್ರಿ ನಿಂತಲ್ಲೇ ನಿಂತರೆ ಮಣ್ಣೆಲ್ಲ ತಳಕ್ಕಿಳಿದು ಅಲ್ಲೇ ಒಣಗುತ್ತದೆ. 80ರ ವೇಗದಲ್ಲಿ ಈ ಅಳತೆಯ ಚಕ್ರ ಸೆಕೆಂಡಿಗೆ ಹತ್ತು ಸುತ್ತು ಸುತ್ತುತ್ತದೆ. ಆಗ ರಿಮ್ಮಿನ ಒಂದು ಕಡೆ 50 ಗ್ರಾಂ ಹೆಚ್ಚಿದ್ದರೂ ಸುಮಾರು 4 ಕಿಲೋ ತೂಕದಷ್ಟು ಬಲ ಸುತ್ತಿಗೊಮ್ಮೆ ಜಗ್ಗುತ್ತದೆ. 40ರ ವೇಗಕ್ಕೆ ಇಳಿಸಿದರೆ ಅದು ನಾಲ್ಕರಲ್ಲಿ ಒಂದು ಪಾಲು, ಪೇಟೆಯೊಳಗೆ ಗೊತ್ತೇ ಆಗುವುದಿಲ್ಲ. ಬ್ಯಾಲೆನ್ಸಿಂಗ್ ಯಂತ್ರದವರು ರಿಮ್ಮಿಗೆ ಸಣ್ಣ ಸೀಸದ ತುಂಡು ಬಡಿಯುವುದು ಇದನ್ನು ಸರಿದೂಗಿಸಲಿಕ್ಕೇ. ಭಾವನ ರಿಮ್ಮಿನಿಂದ ಕೆತ್ತಿ ತೆಗೆದ ಮಣ್ಣು ಅಂದಾಜು ಕಾಲು ಕಿಲೋ. ಲೆಕ್ಕ ನೀವೇ ಹಾಕಿಕೊಳ್ಳಿ.

ಪ್ರತಿ ಆಯುಧಪೂಜೆಗೂ ಆ ಗಾಡಿಯ ವೈಭವ ನೋಡಬೇಕು. ಬಾಳೆಕಂದು, ಚೆಂಡುಹೂವು, ಒಡೆದ ಬೂದುಗುಂಬಳ, ಟೈರಿನ ಮೇಲೆಲ್ಲ ಅರಿಶಿನ ಕುಂಕುಮ. ಹೊರಗಿನಿಂದ ಕಾಣುವಷ್ಟಕ್ಕೆ ಮಾತ್ರ.

ಕೀಲು ಹೊಸದಾಯಿತು, ಆಮೇಲೆ ಅಲೈನ್‌ಮೆಂಟು, ಆಮೇಲೆ ಬ್ಯಾಲೆನ್ಸು. ಎಡ ಟೈರು ಬದಲಿಸಲೇಬೇಕಾಯಿತು. ಬಲದ್ದು ಇನ್ನೂ ಓಡುತ್ತದೆ ಎಂದು ಭಾವ ಹಟ ಹಿಡಿದ, ಮೆಕ್ಯಾನಿಕ್ ಗೊಣಗಿ ಬಿಟ್ಟ. ನಡುಕ ನಿಂತಿತು, ಆದರೆ ಬಲಗಡೆಯಿಂದ ಗುಂಯ್ ಎಂಬ ಸದ್ದೊಂದು ಉಳಿದುಕೊಂಡಿತು. ಒಮ್ಮೆ ಗರಗಸವಾದ ಟೈರು ಕಾರಣ ಹೋದ ಮೇಲೂ ಗುನುಗುತ್ತಲೇ ಇರುತ್ತದೆ, ವೇಗ ಏರಿದಂತೆ ಸ್ವರವೂ ಏರುತ್ತದೆ. ಭಾವ ಪೆನ್‌ಡ್ರೈವಿನಲ್ಲಿ ಯಕ್ಷಗಾನದ ಪದ ಹಾಕಿಕೊಂಡೇ ಗಾಡಿ ಓಡಿಸುವವನು. 70ಕ್ಕೆ ಸರಿಯಾಗಿ ಹಿಡಿದರೆ ಟೈರಿನ ಸದ್ದು ಭಾಗವತರ ಶ್ರುತಿಗೆ ಕೂರುತ್ತದಂತೆ, ಮೇಲೆ ಹೋದರೆ ಅಪಸ್ವರವಂತೆ. ಈಗ ಎಷ್ಟು ತಡವಾದರೂ ಆತ 70ರ ಮೇಲೆ ಹೋಗುವುದಿಲ್ಲ. ಅತ್ತೆ ಇದನ್ನೂ ಲಿಂಬೆಹಣ್ಣಿನ ಖಾತೆಗೆ ಬರೆದುಕೊಂಡಿದ್ದಾರೆ.