ರ ಗ ಸ ದ ಮತ್ತು ಬ್ರೇಕು

ಶಿವಮೊಗ್ಗದಲ್ಲಿ ಯಾರನ್ನೇ ಕೇಳಿ, ಸವಳಂಗ ಗೊತ್ತು ಅನ್ನುತ್ತಾರೆ. ಅವರಿಗೆ ಗೊತ್ತಿರುವುದು ಸವಳಂಗ ರಸ್ತೆ. ಆ ರಸ್ತೆಯಲ್ಲಿ ಸೈಟು ಮಾಡಿದವರಿದ್ದಾರೆ, ಅಂಗಡಿ ಇಟ್ಟವರಿದ್ದಾರೆ, ರೈಲ್ವೆ ಗೇಟಿನ ಮುಂದೆ ಕಾದು ಕಾದು ತಾಳ್ಮೆ ಕಲಿತವರಿದ್ದಾರೆ. ಅದೇ ರಸ್ತೆ ಹಿಡಿದು ನಮ್ಮೂರ ತನಕ ಬಂದವರು ಮಾತ್ರ ಕಡಿಮೆ. ಬಂದರೆ ಕಾಣುವುದು ಒಂದು ದೊಡ್ಡ ಕೆರೆ, ಒಂದು ಸರ್ಕಲ್ಲು. ಅಲ್ಲಿಂದ ಒಂದು ದಾರಿ ಶಿಕಾರಿಪುರಕ್ಕೆ, ಇನ್ನೊಂದು ನ್ಯಾಮತಿ, ಹೊನ್ನಾಳಿಗೆ. 1997ರಲ್ಲಿ ನಮ್ಮನ್ನು ಹೊನ್ನಾಳಿ ತಾಲ್ಲೂಕು ಸಮೇತ ಶಿವಮೊಗ್ಗ ಜಿಲ್ಲೆಯಿಂದ ಕಿತ್ತು ದಾವಣಗೆರೆಗೆ ಸೇರಿಸಿದರು. ಆಮೇಲೆ ಹೊನ್ನಾಳಿಯಿಂದಲೂ ಬಿಡಿಸಿ ನ್ಯಾಮತಿಗೆ ಕೊಟ್ಟರು. ಕೂತಲ್ಲೇ ಕೂತು ಇಷ್ಟು ದೂರ ಬಂದ ಊರಿನ ಹೆಣ್ಣುಮಗಳು ಗಾಡಿ ಓಡಿಸುವುದನ್ನು ಕಲಿಯದೆ ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದಳೆಂದರೆ ಆಶ್ಚರ್ಯವೇನಿಲ್ಲ.

ಹೋಗುವ ಮೊದಲು ಊರ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಗೌರವಧನ ಯಾವಾಗ ಬರುತ್ತದೆಂದು ಕಾಯುವುದೂ ಆ ಹುದ್ದೆಯ ಒಂದು ಕೆಲಸ. ನನಗೆ ಸಿಕ್ಕಿದ್ದು ನಲಿ-ಕಲಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು, ಗೋಡೆಯ ಮೇಲಿನ ಏಣಿ ಹತ್ತುತ್ತಾ ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯ ಕಡೆ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿತು. ಅದರಲ್ಲಿ ಅಕ್ಷರಮಾಲೆ ಅ ಆ ಇ ಈ ಎಂದು ಶುರುವಾಗುವುದಿಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಊರಿನ ಹಿರಿಯರಿಗೆ ಇದು ಅಪಚಾರದಂತೆ ಕಂಡಿತ್ತು. 'ಅ ಬಿಟ್ಟು ರ ಇಂದ ಶುರು ಮಾಡ್ತೀರಲ್ಲಮ್ಮಾ, ಸರಸ್ವತಿ ಒಪ್ತಾಳಾ?' ಎಂದು ಒಬ್ಬರು ಶಾಲೆಯ ಬಾಗಿಲಿಗೇ ಬಂದು ಕೇಳಿದ್ದರು. ಸರಸ್ವತಿಯ ವಿಷಯ ಗೊತ್ತಿಲ್ಲ, ಮಕ್ಕಳಂತೂ ಒಪ್ಪುತ್ತಾರೆ. 49 ಅಕ್ಷರ ಮುಗಿಯುವ ತನಕ ಕಾಯುವ ಪಾಡಿಲ್ಲ. ಐದು ಅಕ್ಷರ ಬಂದ ಕೂಡಲೇ ಸರ, ದರ, ಅರಸ, ಗರಗಸ ಎಲ್ಲ ಓದಬಹುದು. ಗರಗಸ ಓದಿದ ಮಗುವಿನ ಮುಖ ನೋಡಬೇಕು, ಮರ ಕಡಿದಷ್ಟೇ ಗತ್ತು.

ನಮ್ಮ ಸುತ್ತಮುತ್ತ ತಾಂಡಾಗಳು ಜಾಸ್ತಿ. ಬಂಜಾರರ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ನಮ್ಮ ತಾಲ್ಲೂಕಿನದೇ. ಹಾಗಾಗಿ ನನ್ನ ಕ್ಲಾಸಿನ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಅವರ ಭಾಷೆಯಲ್ಲಿ ನಾನು ಎರಡು ಮಾತಾಡಿದರೆ ಇಡೀ ಗುಂಪು ಬಿದ್ದು ಬಿದ್ದು ನಗುತ್ತಿತ್ತು, ಆಮೇಲೆ ನನ್ನ ಕನ್ನಡಕ್ಕೆ ಕಿವಿಗೊಡುತ್ತಿತ್ತು. ಈ ಅನುಭವ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಬರುತ್ತದೆಂದು ಆಗ ಯಾರೂ ಹೇಳಿರಲಿಲ್ಲ.

ಗಂಡನ ಕೆಲಸದ ವೀಸಾಕ್ಕೆ ಜೋತುಬಿದ್ದ ಎಚ್-4 ವೀಸಾದಲ್ಲಿ ಹೋದವರು ಬೇರೆ ಅನುಮತಿ ಸಿಗುವ ತನಕ ಸಂಬಳಕ್ಕೆ ದುಡಿಯುವಂತಿಲ್ಲ. ಪುಕ್ಕಟೆ ಸೇವೆಗೆ ಅಡ್ಡಿಯಿಲ್ಲ. ಅತಿಥಿ ಶಿಕ್ಷಕಿಗೆ ಇದರಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಈ ದೇಶದಲ್ಲಿ ಕನ್ನಡ ಕೂಟಗಳಿಗೆ ಬರವಿಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕೂಟ ಹುಟ್ಟಿದ್ದು 1973ರಲ್ಲಿ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದೂ ಅದೇ ವರ್ಷ. ಊರೂರಲ್ಲೂ ವಾರಾಂತ್ಯದ ಕನ್ನಡ ಕಲಿ ತರಗತಿಗಳಿವೆ. ಬಾಡಿಗೆ ಕೋಣೆ, ಮಡಚುವ ಕುರ್ಚಿ, ಪಾಠ ಹೇಳುವವರೆಲ್ಲ ಸ್ವಯಂಸೇವಕರು. ವಾರವೆಲ್ಲ ಕಂಪ್ಯೂಟರ್ ಕುಟ್ಟಿದವರು ಭಾನುವಾರ ಕಾಗುಣಿತ ತಿದ್ದಿಸುತ್ತಾರೆ. ನನಗೆ ಐದಾರು ವರ್ಷದ ಚಿಳ್ಳೆಪಿಳ್ಳೆಗಳ ಗುಂಪನ್ನು ಒಪ್ಪಿಸಿದರು. 'ಇವಕ್ಕೆ ಕನ್ನಡ ಅಷ್ಟಾಗಿ ಬರಲ್ಲ ಮೇಡಂ' ಎಂದು ಸಂಕೋಚದಿಂದ ಹೇಳಿದರು. ನನಗೆ ಊರಿಗೆ ವಾಪಸು ಬಂದಂತಾಯಿತು.

ರ ಗ ಸ ದ ಶುರುಮಾಡಿದೆ. ಮಕ್ಕಳು ಬುದ್ಧಿವಂತರು, ಪ್ರಶ್ನೆಗಳು ಮಾತ್ರ ಬೇರೆ ಜಾತಿಯವು. ನಮ್ಮೂರ ಕೆರೆಯ ಚಿತ್ರ ಬರೆದು, ಹಕ್ಕಿ ಬರುತ್ತವೆ, ದನ ನೀರು ಕುಡಿಯುತ್ತವೆ ಎಂದು ರಸವತ್ತಾಗಿ ಹೇಳುತ್ತಿದ್ದೆ. ಒಬ್ಬ ಕೈಯೆತ್ತಿದ. 'ಮಿಸ್, ಕೆರೆಗೆ ಲೈಫ್‌ಗಾರ್ಡ್ ಇದಾನಾ?' ಇಲ್ಲಪ್ಪ ಅಂದೆ. 'ಎಷ್ಟೊತ್ತಿಗೆ ಕ್ಲೋಸ್ ಮಾಡ್ತಾರೆ?' ಕೆರೆಗೆ ಬಾಗಿಲಿಲ್ಲ ಅಂದೆ. ಅವನು ಪಕ್ಕದವಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದ. ನಮ್ಮೂರು ತುಂಬ ಅಪಾಯದ ಜಾಗವೆಂದು ಇಬ್ಬರೂ ತೀರ್ಮಾನಿಸಿದಂತಿತ್ತು.

ಪಾಠಕ್ಕಿಂತ ಪಾಠದ ಜಾಗಕ್ಕೆ ಹೋಗುವುದೇ ಕಷ್ಟವಾಗಿತ್ತು. ಭಾನುವಾರದ ಬಸ್ಸು ಕಾಯುತ್ತಾ ನಿಂತರೆ ಶಿಷ್ಯರ ಅಪ್ಪಂದಿರು ಕಾರು ನಿಲ್ಲಿಸಿ 'ಬನ್ನಿ ಮೇಡಂ' ಅನ್ನುವರು. ಮಕ್ಕಳ ಕಣ್ಣಿಗೆ ನಾನು ಕಾರಿಲ್ಲದ, ಅಂದರೆ ಇನ್ನೂ ದೊಡ್ಡವಳಾಗದ ಮನುಷ್ಯಳು. ಕೊನೆಗೆ ಇಲ್ಲಿನ ಆರ್‌ಟಿಒ ಆದ ಡಿಎಂವಿಗೆ ಹೋಗಿ ಕಣ್ಣು ತೋರಿಸಿ, ಲಿಖಿತ ಪರೀಕ್ಷೆ ಬರೆದು, ಕಲಿಯುವವರ ಪರ್ಮಿಟ್ ತಂದೆ.

ನಮ್ಮ ಯಜಮಾನರೇ ಗುರುಗಳು. ಇಂಜಿನಿಯರು. ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋಗಿ ಇಂಜಿನ್ನಿನಲ್ಲಿ ಶಕ್ತಿ ಎಲ್ಲಿಂದ ಹುಟ್ಟುತ್ತದೆ, ಅದು ಚಕ್ರಕ್ಕೆ ಹೇಗೆ ಇಳಿಯುತ್ತದೆ ಎಂದು ಶುರುಮಾಡಿದರು. ಕಾರು ಇನ್ನೂ ಒಂದು ಗೇಣು ಕದಲಿಲ್ಲ, ನನಗೆ ತೂಕಡಿಕೆ. 'ನೋಡ್ರೀ, ನೀವು ಅ ಆ ಇ ಈ ಇಂದ ಹೊರಟಿದೀರ. ನಂಗೆ ರ ಗ ಸ ದ ಹೇಳಿಕೊಡಿ' ಅಂದೆ. ಅವರಿಗೆ ಅರ್ಥವಾಗಲಿಲ್ಲ. ನಾನೇ ಪಾಠಯೋಜನೆ ಮಾಡಿದೆ: ಬ್ರೇಕು, ಗೇರು, ಸ್ಟೇರಿಂಗು, ಕನ್ನಡಿ. ಈ ನಾಲ್ಕು ಅಕ್ಷರದಲ್ಲಿ ಒಂದು ಸಣ್ಣ ಪದ ಕಟ್ಟಬಹುದು. ಪಾರ್ಕಿಂಗ್ ಜಾಗದ ಈ ತುದಿಯಿಂದ ಆ ತುದಿಗೆ ಹೋಗಿ ನಿಂತಾಗ ನನಗೆ ಗರಗಸ ಓದಿದಷ್ಟೇ ಗತ್ತು ಬಂತು.

ರಸ್ತೆಗಿಳಿದ ಮೇಲೆ ಊರಿನ ಸಂಸ್ಕಾರವೆಲ್ಲ ಅಡ್ಡ ಬಂತು. ಬಲಗಡೆ ಹೋಗಬೇಕೆನ್ನುವುದು ಕೈಕಾಲಿಗೆ ಬೇಗ ಒಗ್ಗಿತು. ಒಗ್ಗದೇ ಇದ್ದದ್ದು ನಾಲ್ಕೂ ಕಡೆ ನಿಲ್ಲುವ ಫಲಕವಿರುವ ಕೂಡುರಸ್ತೆ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ. ನಮ್ಮ ಸರ್ಕಲ್ಲಿನ ಕಾನೂನು ಇನ್ನೂ ಸರಳ: ದೊಡ್ಡದು ಮೊದಲು. ಮೆಕ್ಕೆಜೋಳದ ಲಾರಿ, ಆಮೇಲೆ ಬಸ್ಸು, ಟ್ರ್ಯಾಕ್ಟರು, ಕೊನೆಗೆ ನಮ್ಮಪ್ಪನ ಟಿವಿಎಸ್ ಎಕ್ಸೆಲ್. ಎಮ್ಮೆ ಬಂದರೆ ಎಲ್ಲರಿಗಿಂತ ಮೊದಲು ಎಮ್ಮೆ. ಇಲ್ಲಿ ನಾಲ್ಕು ಜನ ನಾಲ್ಕು ದಿಕ್ಕಿನಲ್ಲಿ ನಿಂತು, ಮದುವೆ ಮನೆಯಲ್ಲಿ ಬೀಗರು ಬೀಗರನ್ನು ಪಂಕ್ತಿಗೆ ಕರೆದಂತೆ, 'ನೀವು ಹೋಗಿ', 'ಇಲ್ಲ, ನೀವೇ ಹೋಗಿ' ಎಂದು ಕೈಬೀಸುತ್ತಿದ್ದರೆ ನನಗೆ ಯಾರ ಮರ್ಯಾದೆ ಉಳಿಸಬೇಕೋ ತಿಳಿಯುತ್ತಿರಲಿಲ್ಲ.

ಅಪ್ಪನ ಚಿಂತೆ ಬೇರೆ. ಫೋನಿನಲ್ಲಿ ದಿನವೂ ವಿಚಾರಣೆ.

'ಹಾರನ್ ಚೆನ್ನಾಗಿದೆಯೇನಮ್ಮಾ?'

'ಇಲ್ಲಿ ಯಾರೂ ಹಾರನ್ ಹೊಡೆಯಲ್ಲಪ್ಪ.'

'ಮತ್ತೆ ನೀನು ಬರ್ತಿರೋದು ಮುಂದಿನೋರಿಗೆ ಹೆಂಗ್ ಗೊತ್ತಾಗ್ಬೇಕು?'

ಈ ಪ್ರಶ್ನೆಗೆ ಚಾಲಕರ ಕೈಪಿಡಿಯಲ್ಲಿ ಉತ್ತರವಿರಲಿಲ್ಲ.

ಆ ಕೈಪಿಡಿಯಲ್ಲಿ ನನಗೆ ತುಂಬ ಹಿಡಿಸಿದ ನಿಯಮವೊಂದಿದೆ. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿಣುಕಿಸುತ್ತಾ ನಿಂತರೆ ಹಿಂದಿನ ಗಾಡಿಗಳೆಲ್ಲ ನಿಲ್ಲಬೇಕು. ಸಣ್ಣ ರಸ್ತೆಯಾದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಒಂದು ಮಗು ಬ್ಯಾಗು ಎಳೆದುಕೊಂಡು, ನಡುವೆ ನಿಂತು ಶೂ ಲೇಸು ನೋಡಿಕೊಂಡು, ರಸ್ತೆ ದಾಟುವ ತನಕ ಕೋಟ್ಯಧೀಶನೂ ಕಾಯಬೇಕು. ಸರ್ಕಾರಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬಾಯಲ್ಲಿ ಪಾಸು ಕಚ್ಚಿಕೊಂಡು ಬರುತ್ತಿದ್ದ ನಮ್ಮ ಕಡೆಯ ಹುಡುಗರ ನೆನಪಾಗಿ, ಒಮ್ಮೆ ಬಸ್ಸು ಹೊರಟ ಮೇಲೂ ನಿಂತೇ ಇದ್ದೆ. ಆಗ ಮಾತ್ರ ಹಿಂದಿನವರು ಹಾರನ್ ಹೊಡೆದರು. ಅಪ್ಪನಿಗೆ ತಿಳಿಸಿದೆ, ಸಮಾಧಾನಪಟ್ಟರು.

ಆದರೆ ನನ್ನ ನಿಜವಾದ ಗುರು ಹಿಂದಿನ ಸೀಟಿನಲ್ಲಿದ್ದಳು. ಪಕ್ಕದ ಮನೆಯ ಆರು ವರ್ಷದ ಹುಡುಗಿ, ನನ್ನ ಕ್ಲಾಸಿನವಳೇ. ಅವಳ ಅಮ್ಮನಿಗೆ ಭಾನುವಾರವೂ ಆಸ್ಪತ್ರೆ ಡ್ಯೂಟಿ, ಹಾಗಾಗಿ ಕ್ಲಾಸಿಗೆ ನಮ್ಮ ಜೊತೆಯೇ. ಯಜಮಾನರು ಪಕ್ಕದಲ್ಲಿ, ನಾನು ಚಕ್ರದ ಮುಂದೆ, ಅವಳು ಹಿಂದೆ ಬೂಸ್ಟರ್ ಸೀಟಿನ ಸಿಂಹಾಸನದಲ್ಲಿ. ಎಂಟು ವರ್ಷದೊಳಗಿನವರಿಗೆ ಇಲ್ಲಿ ಅದು ಕಡ್ಡಾಯ. ನಾನು ಬೆಲ್ಟ್ ಹಾಕಿದ್ದೇನೋ ಇಲ್ಲವೋ ಎಂದು ಮೊದಲು ತಪಾಸಣೆ. ಚಕ್ರ ಪೂರ್ತಿ ನಿಲ್ಲುವ ಮೊದಲೇ ನಾನು ಹೊರಟರೆ, ಕ್ಲಾಸಿನಲ್ಲಿ ನಾನು ಆಡುವ ಮಾತನ್ನೇ, ನನ್ನದೇ ರಾಗದಲ್ಲಿ ಒಪ್ಪಿಸುವಳು: 'ಪರವಾಗಿಲ್ಲ ಪುಟ್ಟಾ, ಇನ್ನೊಂದ್ ಸಲ ನಿಧಾನಕ್ಕೆ ಮಾಡೋಣ.' ಯಜಮಾನರು ಕಿಟಕಿಯ ಕಡೆ ತಿರುಗಿ ನಗುವರು. ನಾನು ಮಕ್ಕಳಿಗೆ ಪುಸ್ತಕದಲ್ಲಿ ಅಂಟಿಸುವ ನಕ್ಷತ್ರಗಳಲ್ಲಿ ಒಂದು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು. ಲೇನು ಬದಲಿಸುವಾಗ ಭುಜದ ಮೇಲಿಂದ ತಿರುಗಿ ನೋಡಿದ್ದಕ್ಕೆ.

ಪರೀಕ್ಷೆಯ ದಿನ ಪಕ್ಕದಲ್ಲಿ ಕೂತ ಪರೀಕ್ಷಕಿ ಆ ನಕ್ಷತ್ರ ನೋಡಿ ಏನೆಂದು ಕೇಳಿದರು. ನನ್ನ ಟೀಚರ್ ಕೊಟ್ಟದ್ದು ಅಂದೆ. ಒಳ್ಳೆಯ ಡ್ರೈವಿಂಗ್ ಸ್ಕೂಲಿರಬೇಕು ಅಂದರು. ಪಾಸಾಯಿತು.

ಲೈಸೆನ್ಸ್ ಬಂದ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಹೋದದ್ದೇ ತಡ, 'ಮೇಡಂ, ನಮ್ಮವಳನ್ನೂ ಕರ್ಕೊಂಡು ಹೋಗ್ತೀರಾ?' ಎಂದು ಸಾಲುಗಟ್ಟಿದರು. ಈಗ ಹಿಂದೆ ಮೂರು ಮಕ್ಕಳು. ಯಜಮಾನರಿಗೆ ನನ್ನ ಪಕ್ಕ ಕೂರುವ ಕಾನೂನಿನ ಅಗತ್ಯ ತೀರಿದರೂ ಅಭ್ಯಾಸ ತಪ್ಪಿಲ್ಲ. ಬಂದು ಕ್ಲಾಸಿನ ಮೂಲೆಯಲ್ಲಿ ಕೂತು ಫೋನು ತೀಡುತ್ತಿದ್ದರು. ಆ ಹುಡುಗಿಗೆ ಅದು ಸರಿಕಾಣಲಿಲ್ಲ. 'ಅಂಕಲ್, ಫೋನ್ ಒಳಗಿಡಿ. ಇದನ್ನು ಓದಿ' ಎಂದು ಕಾರ್ಡು ಹಿಡಿದಳು. ನಮ್ಮವರು ಮುಂಬಯಿಯಲ್ಲಿ ಬೆಳೆದವರು. ಕನ್ನಡ ಆಡುತ್ತಾರೆ, ಓದಲು ಬರುವುದಿಲ್ಲ. ಈ ಗುಟ್ಟು ನಮ್ಮತ್ತೆಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ಅವರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಸಣ್ಣ ಕುರ್ಚಿ ಎಳೆದು ಅವರನ್ನು ಮೊದಲ ಗುಂಪಿನಲ್ಲಿ ಕೂರಿಸಿದ್ದಾಳೆ. ಹೋದ ವಾರ ಅರಸ ಓದಿದರು. ಗರಗಸದಲ್ಲಿ ಎರಡನೇ ಗ ತಲೆಕೆಳಗಾಗಿ ಬರೆದರೆಂದು ಅರ್ಧ ನಕ್ಷತ್ರ ಹರಿದು ಕೊಟ್ಟಳು. ಮನೆಗೆ ಬರುವ ದಾರಿಯುದ್ದಕ್ಕೂ ಅವರ ವಾದ ಒಂದೇ, ಕನಿಷ್ಠ ಮುಕ್ಕಾಲು ಕೊಡಬೇಕಿತ್ತಂತೆ.