ಒಲೆರಾಯರು

ಒಲೆರಾಯರ ಮನೆಗೆ ಒಲೆ ಇನ್ನೂ ಬಂದಿಲ್ಲ. ಬಿರುದು ಮಾತ್ರ ಬಂದು ಮೂರು ಚಳಿಗಾಲವಾಯಿತು. ಬ್ಯಾಂಕಿನಿಂದ ನಿವೃತ್ತರು, ಯಲಹಂಕ ನ್ಯೂಟೌನಿನಲ್ಲಿ ಥರ್ಟಿ-ಫಾರ್ಟಿ ಸೈಟು, ಮಿನೆಸೋಟಾದಲ್ಲಿ ಮಗಳು. ಇಂಥವರು ಬಡಾವಣೆಗೊಬ್ಬರು ಇದ್ದೇ ಇರುತ್ತಾರೆ. ನಮ್ಮವರು ಮಗಳ ಮನೆಯಲ್ಲಿ ಒಂದು ಹಿಮಗಾಲ ಪೂರ್ತಿ ಬೆಂಕಿಗೂಡಿನ ಮುಂದೆ ಕೂತು ಬಂದವರು, ವಿಮಾನ ಇಳಿದ ಮೇಲೂ ಎದ್ದಿಲ್ಲ.

ಚಳಿಯ ಮಾತು ಬಂದರೆ ಯಲಹಂಕದವರಿಗೆ ಜಂಬ ಸಹಜ. “ಜಯನಗರದ್ದು ಒಂದು ಚಳೀನೇನ್ರೀ!” ಎಂದು ಶುರು ಮಾಡುವ ರಾಯರು ನೇರ 1884ಕ್ಕೆ ಹೋಗುತ್ತಾರೆ. ಆ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ ದಾಖಲಾಗಿತ್ತು. ಅದಕ್ಕಿಂತ ಕೆಳಗೆ ಊರು ಇಳಿದೇ ಇಲ್ಲ. “ಮತ್ತೆ ಬರಲ್ಲ ಅಂತ ಯಾರು ಬರೆದುಕೊಡ್ತಾರೆ?”

ಗೋಡೆಯ ಬರೀ ಗೂಡು ಅವರಿಗೆ ಬೇಡ, ಶಾಖದ ಬಹುಪಾಲು ಚಿಮಣಿ ಪಾಲು. ಗಾಜಿನ ಬಾಗಿಲಿರುವ ಬೀಡುಕಬ್ಬಿಣದ್ದೇ ಆಗಬೇಕು. ಅಂಗಡಿಯ ಹುಡುಗ ಹಾಲಿನ ಅಳತೆ ಕೇಳಿ, ಐದು ಕಿಲೋವ್ಯಾಟೇ ಹೆಚ್ಚು ಎಂದ.

“ಏಳರದ್ದು ತಗೊಂಡ್ರೆ?”

“ಕಿಟಕಿ ತೆಗೆದು, ಫ್ಯಾನ್ ಹಾಕ್ಕೊಂಡು ಕೂರ್ಬೇಕಾಗುತ್ತೆ ಸಾರ್.”

ರಾಯರು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಒಲೆಗಿಂತ ಮೊದಲು ಸೌದೆಯ ಪರೀಕ್ಷೆ. ತೇವ ನೂರಕ್ಕೆ ಇಪ್ಪತ್ತು ಮೀರಿದರೆ ಉರಿಗಿಂತ ಹೊಗೆ ಜಾಸ್ತಿ, ಚಿಮಣಿಯೊಳಗೆ ಟಾರಿನಂಥ ಮಸಿ ಕಟ್ಟುತ್ತದೆ. ಮಾತು ನಿಜವೇ. ಆದರೆ ಮಗಳು ಕಳಿಸಿದ ತೇವಮಾಪಕ ಹಿಡಿದು ದೊಡ್ಡಬಳ್ಳಾಪುರ ರಸ್ತೆಯ ಡಿಪೋದಲ್ಲಿ ಸರ್ವೆ, ನೀಲಗಿರಿ ಒಂದನ್ನೂ ಬಿಡದೆ ಸೂಜಿ ಚುಚ್ಚುತ್ತ ಹೋದರೆ ಡಿಪೋದವನು ಎಷ್ಟು ಹೊತ್ತು ಸುಮ್ಮನಿದ್ದಾನು? “ಏನ್ ಸ್ವಾಮಿ, ಸೌದೆಗೂ ಸಕ್ಕರೆ ಕಾಯಿಲೆನಾ?”

ರಾಯರ ಹೆಂಡತಿ ಕುಣಿಗಲ್ ಸೀಮೆಯವರು. ಆ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಗ್ರಾಮೀಣ ತಂತ್ರಜ್ಞಾನದ ವಿಭಾಗ ‘ಅಸ್ತ್ರ’ದವರು ಕೇಂದ್ರ ತೆರೆದಿದ್ದರು.

“ನಮ್ಮೂರಿಗೆ ಅಸ್ತ್ರ ಒಲೆ ಬಂದಿತ್ತು ಕಣ್ರೀ. ಮೂರು ಪಾತ್ರೆ ಒಟ್ಟಿಗೆ, ಹೊಗೆ ಕೊಳವೆಯಲ್ಲಿ ಆಚೆಗೆ. ಅಮ್ಮ ಸೌದೆ ಉಳೀತು ಅಂದಳು, ಕ್ಯಾಟಲಾಗ್ ಕೇಳಲಿಲ್ಲ.”

ಅಸ್ತ್ರವನ್ನು 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ್ದು ರಾಯರಿಗೆ ಗೊತ್ತು. ಅವರಿಗೆ ಗೊತ್ತಿಲ್ಲದ ಒಲೆಯೇ ಇಲ್ಲ. “ಶಾಖ ಆದಷ್ಟೂ ಪಾತ್ರೆಗೇ ಹೋಗಲಿ ಅಂತ ಮಾಡಿದ್ದು ಅದು. ನನಗೆ ಕೋಣೆಗೆ ಬೇಕು.”

“ಹಾಗಾದ್ರೆ ನಮ್ಮಜ್ಜಿಯ ಮೂರು ಕಲ್ಲಿನ ಒಲೇನೇ ಹಾಕಿಸಿ. ಶಾಖಾನೂ ಕೋಣೆಗೇ, ಹೊಗೇನೂ ಕೋಣೆಗೇ.”

ಹೋದ ಸಲ ಇನ್ನೇನು ಅಡ್ವಾನ್ಸ್ ಕೊಡಬೇಕು, ಚಿಮಣಿಯ ಪ್ರಶ್ನೆ ಎದ್ದಿತು. ಅದು ತಾರಸಿ ದಾಟಿ ಮೇಲೇಳಬೇಕು. ಸೋಲಾರ್ ಮತ್ತು ನೀರಿನ ಟ್ಯಾಂಕಿನ ನಡುವೆ ಜಾಗವೇನೋ ಸಿಕ್ಕಿತು, ಆದರೆ ಕೊಳವೆ ಮೇಲ್ಮನೆಯ ಬಾಡಿಗೆಯವರ ಹಾಲಿನ ಮೂಲಕವೇ ಹಾಯಬೇಕು. ರಾಯರು ಹಣ್ಣು ಹಿಡಿದು ಒಪ್ಪಿಗೆ ಕೇಳಲು ಹೋದರು. ಬಾಡಿಗೆಯವನು ಎಲ್ಲ ಕೇಳಿಸಿಕೊಂಡು ಗಾಬರಿಯಿಂದ ಕೇಳಿದ: “ಸಾರ್, ಆ ಬಿಸಿ ನಮಗೂ ತಾಗುತ್ತಲ್ಲ, ಅದಕ್ಕೆ ಬಾಡಿಗೆ ಜಾಸ್ತಿ ಮಾಡ್ತೀರಾ?”

ರಾಯರಿಗೆ ಇದು ಹೊಳೆದೇ ಇರಲಿಲ್ಲ. ಅಲ್ಲೇ ಕೂತು ಹೊಸ ಪುಟ ತೆರೆದು, ಕೊಳವೆಯ ಸುತ್ತಳತೆ ಲೆಕ್ಕ ಹಾಕತೊಡಗಿದರು.