ಮರದ ಮರೆಯ ಅರಸನೂ ಗುಂಡಿಗೆ ಬಿದ್ದ ಪ್ರೇಮಿಯೂ

ಸಮಾಗಮಕ್ಕೆ ಮೊದಲೇ ನೋಟದಿಂದಲೋ ಕೇಳ್ಮಾತಿನಿಂದಲೋ ಮೊಳೆಯುವ ಅನುರಾಗವನ್ನು ಅಲಂಕಾರಶಾಸ್ತ್ರವು ಪೂರ್ವರಾಗವೆಂದು ಕರೆದಿದ್ದು, ಅದರ ಲಕ್ಷಣವನ್ನು ತಿಳಿಯಲು 2006ರ ‘ಮುಂಗಾರು ಮಳೆ’ ಚಿತ್ರಕ್ಕಾಗಿ ಜಯಂತ ಕಾಯ್ಕಿಣಿಯವರು ಬರೆದು ಸೋನು ನಿಗಮ್ ಹಾಡಿದ ಪ್ರಸಿದ್ಧ ಗೀತೆಯೊಂದೇ ಸಾಕು. ಆ ಗೀತೆಯ ಪ್ರೇಮಿಯು ಅವಳು ತನ್ನವಳೆಂಬ ಹಕ್ಕುಸಾಧನೆಯನ್ನು ಕೇವಲ ಅನಿಸಿಕೆಯೆಂದು, ಅದೂ ಕಾರಣ ತಿಳಿಯದ ಅನಿಸಿಕೆಯೆಂದು ವಿನಯದಿಂದ ಒಪ್ಪಿಕೊಳ್ಳುತ್ತಾನೆ. ಕಾಳಿದಾಸನ ನಾಟಕದ ಅರಸ ದುಷ್ಯಂತನಾದರೋ, ಮರದ ಮರೆಯಲ್ಲಿ ನಿಂತು, ಕಣ್ವಾಶ್ರಮದ ಗಿಡಗಳಿಗೆ ನೀರೆರೆಯುವ ಶಕುಂತಲೆಯನ್ನು ನೋಡುತ್ತ, ತನ್ನಂಥ ಸಜ್ಜನನ ಮನಸ್ಸೇ ಬಯಸಿರುವುದರಿಂದ ಆಕೆ ಕ್ಷತ್ರಿಯನು ವರಿಸಲು ಯೋಗ್ಯಳೇ ಆಗಿರಬೇಕೆಂದು ತೀರ್ಮಾನಿಸಿಬಿಡುತ್ತಾನೆ. ಕಕ್ಷಿದಾರ, ಸಾಕ್ಷಿ, ನ್ಯಾಯಾಧೀಶ ಮೂವರೂ ಒಬ್ಬನೇ ಆಗಿರುವ ವ್ಯಾಜ್ಯದಲ್ಲಿ ಬೇರೆ ತೀರ್ಪು ಬರುವ ಸಂಭವವೂ ಇರಲಿಲ್ಲ. ಅರಸನನ್ನು ಮರೆಯಿಂದ ಹೊರತರಲು ಶಕುಂತಲೆಯ ಮೊಗವನ್ನು ಮುತ್ತಿದ ದುಂಬಿಯೊಂದು ನೆರವಾದರೆ, ಚಿತ್ರದ ನಾಯಕ ಪ್ರೀತಮನು ನಾಯಕಿ ನಂದಿನಿಯನ್ನು ನೋಡುತ್ತ ನೋಡುತ್ತಲೇ ಮ್ಯಾನ್‌ಹೋಲಿಗೆ ಬೀಳುತ್ತಾನೆ. ಕಣ್ವಾಶ್ರಮಕ್ಕೆ ಒಳಚರಂಡಿ ವ್ಯವಸ್ಥೆ ಬಂದಿರದಿದ್ದುದು ದುಷ್ಯಂತನ ಪುರುವಂಶದ ಪುಣ್ಯವೆನ್ನಬೇಕು. ವಸ್ತು ಕಳೆದುಕೊಳ್ಳುವ ಭಾಗ್ಯ ಮಾತ್ರ ಎರಡೂ ಕಡೆ ನಾಯಕಿಯ ಪಾಲಿನದು: ಶಕುಂತಲೆಯ ಉಂಗುರ ಮೀನಿನ ಹೊಟ್ಟೆ ಸೇರಿತು, ನಂದಿನಿಯ ಹೃದಯಾಕಾರದ ಕೈಗಡಿಯಾರ ಪ್ರೀತಮನ ಕೈ ಸೇರಿತು.